ನಿಂತ ಮರ, ಮಲಗಿದ ಮರ

ಚಿತ್ರಕಲಾ ಶಿಕ್ಷಕರ ಹುದ್ದೆಗೆ ಆದೇಶ ಬಂತೆಂದು ಈಗ ಮನೆಮನೆಗೆ ಪೇಡ ಹಂಚುತ್ತಿರುವವರಿಗೆ ನನ್ನ ಮೊದಲ ಸಲಹೆ: ಒಂದು ಗಟ್ಟಿಮುಟ್ಟಾದ ಏಣಿ ಕೊಂಡಿಟ್ಟುಕೊಳ್ಳಿ. ಬಣ್ಣ, ಬ್ರಷ್ಷು, ಕಲೆ, ಸೌಂದರ್ಯ ಎಲ್ಲ ಆಮೇಲಿನ ಮಾತು. ನೀವು ಕೆಲಸಕ್ಕೆ ಸೇರಿದ ದಿನವೇ ಮುಖ್ಯೋಪಾಧ್ಯಾಯರು ನಿಮ್ಮನ್ನು ಕಾಂಪೌಂಡಿನ ಹತ್ತಿರ ಕರೆದುಕೊಂಡು ಹೋಗಿ ಗೋಡೆಯ ಮೇಲೆ ‘ಸುಸ್ವಾಗತ’ ಬರೆಯಲು ಹೇಳುತ್ತಾರೆ. ಅದು ಮುಗಿಯುವಷ್ಟರಲ್ಲಿ ನೀರಿನ ತೊಟ್ಟಿ ಕಟ್ಟಿಸಿಕೊಟ್ಟ ದಾನಿಗಳ ಹೆಸರು ಕಾದಿರುತ್ತದೆ. ಅದು ಒಣಗುವ ಮುಂಚೆ ಶೌಚಾಲಯದ ಬಾಗಿಲಿಗೆ ‘ಬಾಲಕಿಯರು’, ಸಾಹೇಬರು ಬರುವ ದಿನ ಅಂಗಳಕ್ಕೆ ರಂಗೋಲಿ. ನನ್ನ ಪೀರಿಯಡ್ಡು ಯಾವುದು ಸಾರ್ ಎಂದು ಕೇಳಿದಿರೋ, ಗಣಿತದವರು ಪಾಠ ಹಿಂದೆ ಬಿದ್ದಿದ್ದಾರೆ, ಈ ವಾರ ಅವರಿಗೆ ಬಿಟ್ಟುಕೊಡಿ ಎನ್ನುತ್ತಾರೆ. ನನ್ನ ಇಡೀ ಸರ್ವೀಸಿನಲ್ಲಿ ಗಣಿತದವರು ಮುಂದೆ ಬಂದದ್ದನ್ನು ನಾನು ನೋಡಲಿಲ್ಲ.

ಹೋದ ವರ್ಷ ಅರಸೀಕೆರೆಯಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ‘ಮಕ್ಕಳಲ್ಲಿ ಸೌಂದರ್ಯಪ್ರಜ್ಞೆ ಬೆಳೆಸಿದ ಮಾತೃಹೃದಯಿ’ ಎಂದು ಯಾರೋ ಓದಿದರು. ಸೌಂದರ್ಯವೂ ಇಲ್ಲ, ಪ್ರಜ್ಞೆಯೂ ಇಲ್ಲ. ನಾನು ಮಕ್ಕಳಿಗೆ ಕಲಿಸಿದ್ದು ಒಂದೇ ವಿದ್ಯೆ: ಕಣ್ಣು ಹೇಳಿದ್ದನ್ನು ಅಳೆದು ನೋಡದೆ ನಂಬಬೇಡಿ ಎಂಬುದು. ಅದನ್ನು ಚೆನ್ನಾಗಿ ಕಲಿತದ್ದಕ್ಕೆ ಭಾಗ್ಯ ಎಂಬ ಹಳೇಬೀಡಿನ ಹುಡುಗಿಯ ವಸತಿ ಶಾಲೆಯ ಸೀಟಿಗೆ ಕುತ್ತು ಬಂತು. ಆ ಕಥೆ ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಅದಕ್ಕೆ ಮುಂಚಿನ ಎರಡು ಮೂರು ಪ್ರಸಂಗ ಹೇಳದಿದ್ದರೆ ಅಂಥದ್ದು ಹೇಗೆ ಸಾಧ್ಯವಾಯಿತು ಎಂದು ನೀವು ಬೆರಗಾಗುತ್ತೀರಿ. ನನ್ನ ಅನುಭವದಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ.

ನನ್ನ ಮೊದಲ ಪೋಸ್ಟಿಂಗು ಹಳೇಬೀಡು. ಅಲ್ಲಿನ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಅವರ ಕುರ್ಚಿಯ ಹಿಂದೆ ಒಂದು ದೊಡ್ಡ ಫೋಟೊ ಇತ್ತು, ದೇವಸ್ಥಾನದ ಗೋಡೆಯ ಒಂದು ಕಲ್ಲಿನ ಕಮಲ. ದುಂಡನೆಯ ಹೂವು, ಸುತ್ತ ಒಂದೇ ಥರದ ಎಸಳು. ಮೇಲೆ ಯಾವುದು ಕೆಳಗೆ ಯಾವುದು ಎಂದು ಯಾರಿಗೂ ತಿಳಿಯದು. ಫೋಟೊದಲ್ಲಿ ಆ ಕಮಲ ಪಡ್ಡಿನ ಕಾವಲಿಯ ಗುಳಿಯ ಹಾಗೆ ಒಳಕ್ಕೆ ಇಳಿದಿತ್ತು. ಬಂದವರಿಗೆಲ್ಲ ಇವರು, “ನೋಡ್ರೀ, ಕಲ್ಲನ್ನ ಹೆಂಗೆ ಒಳಗೊಳಗೇ ಕೊರೆದಿದಾರೆ, ಬೆಣ್ಣೆ ಕೊರೆದ ಹಾಗೆ,” ಎಂದು ವಿವರಿಸುತ್ತಿದ್ದರು. ಬಂದವರೂ ತಲೆದೂಗುತ್ತಿದ್ದರು. ದೇವಸ್ಥಾನ ಶಾಲೆಯಿಂದ ಕೂಗಳತೆಯಲ್ಲಿದೆ. ಹೋಗಿ ಆ ಹೂವಿನ ಮೇಲೆ ಕೈಯಿಟ್ಟು ನೋಡುವ ತೊಂದರೆಯನ್ನು ಒಬ್ಬರೂ ತೆಗೆದುಕೊಂಡಿರಲಿಲ್ಲ.

ನಾನು ಮಕ್ಕಳನ್ನು ಕರೆದುಕೊಂಡು ಹೋಗಿ ಅದೇ ಹೂವನ್ನು ಬರೆಸಿದ್ದೆ. ಅದು ಉಬ್ಬು ಕೆತ್ತನೆ, ಅಂಗೈಗೆ ತುಂಬಿಕೊಳ್ಳುವಷ್ಟು ಹೊರಗೆ ಬಂದಿದೆ. ಫೋಟೊಗೆ ಕಟ್ಟು ಹಾಕಿಸಿದವರು ತಲೆಕೆಳಗು ಮಾಡಿಟ್ಟಿದ್ದರು, ಅಷ್ಟೆ. ಒಂದು ದಿನ ಅವರಿಲ್ಲದ ಹೊತ್ತಿನಲ್ಲಿ ಫೋಟೊ ಇಳಿಸಿ ತಿರುಗಿಸಿ ನೇತುಹಾಕಿದೆ. ಕಮಲ ಎದ್ದು ನಿಂತಿತು.

ಅವರು ಬಂದು ನೋಡಿದವರೇ, “ಹಳೇ ಫೋಟೊ ಏನ್ ಮಾಡಿದ್ರಿ ಮೇಡಂ? ಅದು ಶಾಲೆ ಆಸ್ತಿ,” ಎಂದರು.

ಅದೇ ಫೋಟೊ ಸಾರ್ ಎಂದರೆ ನಂಬಲಿಲ್ಲ. ಒಂದು ಹಾಳೆ ತೆಗೆದುಕೊಂಡು ಸಾಲಾಗಿ ವೃತ್ತ ಬರೆದೆ. ಪ್ರತಿ ವೃತ್ತದ ಮೇಲಿನ ಅರ್ಧ ಬಿಳಿ, ಕೆಳಗಿನ ಅರ್ಧಕ್ಕೆ ಪೆನ್ಸಿಲಿನ ನೆರಳು. ಎಲ್ಲವೂ ಅಂಗಿಯ ಗುಂಡಿಯ ಹಾಗೆ ಉಬ್ಬಿ ಕಂಡವು. ಹಾಳೆ ತಲೆಕೆಳಗು ಮಾಡಿದೆ, ಎಲ್ಲವೂ ತೂತಾದವು. ಬೆಳಕು ಯಾವಾಗಲೂ ಮೇಲಿನಿಂದಲೇ ಬರುತ್ತದೆ ಎಂದು ನಮ್ಮ ಕಣ್ಣು ಯಾರನ್ನೂ ಕೇಳದೆ ತೀರ್ಮಾನ ಮಾಡಿಬಿಟ್ಟಿದೆ ಸಾರ್, ಮೇಲೆ ಬೆಳಕಿದ್ದರೆ ಉಬ್ಬು, ಕೆಳಗೆ ಬೆಳಕಿದ್ದರೆ ತಗ್ಗು, ಎಂದು ಹೇಳಿದೆ. ಹಾಳೆಯನ್ನು ಅವರೇ ಇಸಿದುಕೊಂಡು ತಿರುಗಿಸಿದರು, ಮತ್ತೆ ತಿರುಗಿಸಿದರು. ಅವರ ಮುಖದಲ್ಲಿ ಒಂದು ಕ್ಷಣ ಮಗುವಿನ ಸಂತೋಷ ಬಂತು. ಆಮೇಲೆ ಅಟೆಂಡರನ್ನು ಕೂಗಿ, ಫೋಟೊ ಮೊದಲಿದ್ದ ಹಾಗೇ ಹಾಕು ಎಂದರು.

“ಜಿಲ್ಲೆಯಿಂದ ಸಾಹೇಬ್ರು ಬಂದಾಗ ನೋಡಿ ಮೆಚ್ಚಿದ್ದು ಹಂಗಿದ್ದಾಗ ಕಣ್ರೀ. ಈಗ ತಿರುಗಿಸಿದ್ರೆ ಅವರು ಏನ್ ತಿಳ್ಕೊಬೇಕು?”

ಅವರು ನಿವೃತ್ತರಾಗುವ ತನಕ ಕಮಲ ಗುಳಿಯಾಗಿಯೇ ಇತ್ತು. ಆದರೂ ನನಗೆ ಆ ದಿನದಿಂದ ಒಂದು ವಿಷಯ ಖಚಿತವಾಯಿತು. ದೃಷ್ಟಿಯ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡಿದರೂ ಮನುಷ್ಯನ ತಲೆಗೆ ಹತ್ತುವುದಿಲ್ಲ, ಒಂದು ಚಿತ್ರ ಕೈಗೆ ಕೊಟ್ಟರೆ ಅವನ ಕಣ್ಣೇ ಅವನ ವಿರುದ್ಧ ಸಾಕ್ಷಿ ಹೇಳುತ್ತದೆ. ಆಮೇಲೆ ಅವನು ಆ ಸಾಕ್ಷಿಯನ್ನು ಒಪ್ಪುತ್ತಾನೋ ಬಿಡುತ್ತಾನೋ ಅದು ಅವನ ಹಣೆಬರಹ.

ಅಲ್ಲಿಂದ ಅರೇಹಳ್ಳಿಗೆ ವರ್ಗವಾಯಿತು. ಅಲ್ಲಿ ಶಾಲೆಯ ಜಗಲಿಯ ಉದ್ದಕ್ಕೂ ಒಂದು ಬೂದು ಬಣ್ಣದ ಪಟ್ಟಿ ಹೊಡೆಸಿದರು. ಪಟ್ಟಿಯ ಅರ್ಧ ಭಾಗ ಸುಣ್ಣದ ಬಿಳಿ ಗೋಡೆಯ ಮೇಲೆ, ಇನ್ನರ್ಧ ಕಡುಗೆಂಪು ಗೋಡೆಯ ಮೇಲೆ. ಬಿಳಿಯ ಮೇಲಿನ ಬೂದು ಕಪ್ಪಗೆ ಕಂಡಿತು, ಕೆಂಪಿನ ಮೇಲಿನದು ಬೆಳ್ಳಗೆ ಕಂಡಿತು. ಮುಖ್ಯೋಪಾಧ್ಯಾಯರು ಪೇಂಟರನ್ನು ನಿಲ್ಲಿಸಿಕೊಂಡು, ಎರಡು ಡಬ್ಬ ಬಳಸಿ ಮೋಸ ಮಾಡಿದೀಯ ಎಂದು ಊರಿಗೆಲ್ಲ ಕೇಳುವಂತೆ ಬೈದರು. ಆತ ಒಂದೇ ಡಬ್ಬ ಸ್ವಾಮಿ ಎಂದು ದೇವರ ಮೇಲೆ ಆಣೆ ಇಡುತ್ತಿದ್ದ. ನಾನು ಒಂದು ರಟ್ಟಿಗೆ ಎರಡು ತೂತು ಕೊರೆದು, ಸುತ್ತಲಿನ ಗೋಡೆ ಕಾಣದ ಹಾಗೆ ಹಿಡಿದು, ತೂತಿನಲ್ಲಿ ಎರಡೂ ಕಡೆಯ ಬೂದನ್ನು ಅಕ್ಕಪಕ್ಕ ತೋರಿಸಿದೆ. ಎರಡೂ ಒಂದೇ. ರಟ್ಟು ತೆಗೆದೆ, ಬೇರೆ ಬೇರೆ. ಬಣ್ಣವನ್ನು ಕಣ್ಣು ಒಂಟಿಯಾಗಿ ನೋಡುವುದಿಲ್ಲ, ಪಕ್ಕದವರ ಜೊತೆ ಹೋಲಿಸಿ ನೋಡುತ್ತದೆ ಸಾರ್ ಎಂದೆ.

“ಸರಿ ಕಣಮ್ಮ,” ಎಂದರು, “ಆದರೆ ರಟ್ಟು ಹಿಡ್ಕೊಂಡು ಶಾಲೆಗೆ ಬರೋರು ಯಾರು?”

ಕೆಂಪು ಗೋಡೆಯ ಕಡೆಯದನ್ನು ಕಪ್ಪು ಬೆರೆಸಿ ಮತ್ತೆ ಹೊಡೆಸಿದರು, ಎರಡೂ ಒಂದೇ ಥರ ಕಾಣುವ ತನಕ. ಹೀಗೆ ನಿಜಕ್ಕೂ ಎರಡು ಬಣ್ಣವಾದ ಮೇಲೆ, ಈಗ ಒಂದೇ ಬಣ್ಣ ಆಯ್ತು ನೋಡಿ ಎಂದು ತೃಪ್ತಿಪಟ್ಟರು. ಪೇಂಟರು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ.

ನನ್ನ ಬದುಕಿನ ಮುಖ್ಯವಾದ ಚಿತ್ರ ಹುಟ್ಟಿದ್ದು ಬೇಲೂರಿನಲ್ಲಿ. ಅಲ್ಲಿ ವಿಜ್ಞಾನಕ್ಕೆ ನಾಗರಾಜು ಮೇಷ್ಟ್ರು ಅಂತಿದ್ದರು. ಕಣ್ಣಿನ ಪಾಠ ಬಂದರೆ ‘ಕಣ್ಣು ಕ್ಯಾಮೆರಾದಂತೆ’ ಎಂದು ಬೋರ್ಡಿನ ಮೇಲೆ ಬರೆದು, ಭಾಗಗಳನ್ನು ಗುರುತಿಸಿ ಎಂದು ಹೇಳಿ ಹೊರಗೆ ಬೀಡಿ ಸೇದಲು ಹೋಗುತ್ತಿದ್ದರು. ಕ್ಯಾಮೆರಾ ಕಂಡಿರದ ಮಕ್ಕಳಿಗೆ ಅದು ಗೊತ್ತಾಗುತ್ತಿರಲಿಲ್ಲ, ಕಂಡ ಮಕ್ಕಳಿಗೆ ಅದು ಸುಳ್ಳು. ಕ್ಯಾಮೆರಾ ಯಾವುದನ್ನೂ ತೀರ್ಮಾನ ಮಾಡುವುದಿಲ್ಲ, ಕಣ್ಣು ಸದಾ ತೀರ್ಮಾನ ಮಾಡುತ್ತಲೇ ಇರುತ್ತದೆ. ಇದನ್ನು ಹೇಳಿದ್ದಕ್ಕೆ, ನೀವೇ ಒಂದು ಚಾರ್ಟ್ ಮಾಡಿಕೊಡಿ ಮೇಡಂ ಎಂದು ಕೆಲಸ ನನ್ನ ಕೊರಳಿಗೆ ಕಟ್ಟಿದರು. ಬುದ್ಧಿ ಹೇಳಿದವರಿಗೆ ಕೆಲಸ ಅಂಟುವುದು ನಮ್ಮ ಇಲಾಖೆಯ ಧರ್ಮ.

ನಮ್ಮ ಸೀಮೆಯಲ್ಲಿ ತೆಂಗಿನ ಮರ ನೋಡದ ಮಕ್ಕಳಿಲ್ಲ. ನಿಂತ ಮರ ಮುಗಿಲು ಮುಟ್ಟುವ ಹಾಗೆ ಕಾಣುತ್ತದೆ, ಕಡಿದು ಕೆಡವಿದರೆ ‘ಇಷ್ಟೇನಾ’ ಅನ್ನಿಸುತ್ತದೆ. ಆದ್ದರಿಂದ ನೆಲದ ಮೇಲೆ ಮಲಗಿದ ಒಂದು ಮರ, ಅದರ ನಡುಮಧ್ಯದಿಂದ ಮೇಲಕ್ಕೆ ನಿಂತ ಇನ್ನೊಂದು ಮರ ಬರೆದೆ. ಎರಡೂ ಒಂದೇ ಉದ್ದ. ನಿಂತದ್ದೇ ಉದ್ದ ಎಂದು ಎಂಥವನ ಕಣ್ಣೂ ಹೇಳುತ್ತದೆ. ಆದರೆ ನಾನು ಚಿತ್ರ ಅಂದವಾಗಲಿ ಎಂದು ನಿಂತ ಮರಕ್ಕೆ ಗರಿಗಳನ್ನೂ ಬರೆದಿದ್ದೆ. ತರಗತಿಯಲ್ಲಿ ಒಬ್ಬಳು ಎದ್ದು, “ಗರಿ ಸೇರಿಸಿ ಅಳೀಬೇಕಾ ಮಿಸ್, ಬಿಟ್ಟು ಅಳೀಬೇಕಾ?” ಎಂದಳು. ಗರಿ ಸೇರಿಸಿದರೆ ನಿಂತದ್ದು ನಿಜಕ್ಕೂ ಉದ್ದ! ನನ್ನ ಅಲಂಕಾರ ನನ್ನ ಪಾಠವನ್ನೇ ಕೆಡಿಸಿತ್ತು. ಚಾರ್ಟು ಹರಿದೆಸೆದು ಎರಡು ಬರೀ ಬೊಡ್ಡೆಗಳನ್ನು ಬರೆದೆ, ಒಂದೇ ದಪ್ಪ, ಒಂದೇ ಕಪ್ಪು. ಹೊಸಬರು ಇದನ್ನು ನೆನಪಿಡಿ: ವಿವರಿಸುವ ಚಿತ್ರಕ್ಕೆ ಒಡವೆ ಹಾಕಬೇಡಿ.

ಪಾಠದ ಕ್ರಮ ಹೀಗೆ ಮಾಡಿದೆ. ಮೊದಲು ನೋಡಬೇಕು, ಕೈಯೆತ್ತಿ ಯಾವುದು ಉದ್ದ ಎಂದು ಹೇಳಬೇಕು. ಆಮೇಲೆ ಒಬ್ಬೊಬ್ಬರೇ ಬಂದು ತೆಂಗಿನ ಕಡ್ಡಿಯಿಂದ ಅಳೆಯಬೇಕು. ಸ್ಕೇಲು ಎಲ್ಲರ ಹತ್ತಿರ ಇರುವುದಿಲ್ಲ, ಪೊರಕೆ ಎಲ್ಲರ ಮನೆಯಲ್ಲೂ ಇರುತ್ತದೆ. ಅಳೆದಾದ ಮೇಲೆ ತಿರುಗಿ ಜಾಗಕ್ಕೆ ಹೋಗಿ ಇನ್ನೊಮ್ಮೆ ನೋಡಬೇಕು. ಪಾಠ ಇರುವುದು ಈ ಕೊನೆಯ ನೋಟದಲ್ಲಿ. ಸಮ ಎಂದು ಕಡ್ಡಿ ಹೇಳಿದ ಮೇಲೂ ಕಣ್ಣು ಹಳೆಯ ರಾಗವನ್ನೇ ಹಾಡುತ್ತದೆ. ತಿಳಿದ ಮಾತ್ರಕ್ಕೆ ಕಾಣುವುದು ಬದಲಾಗುವುದಿಲ್ಲ. ಇದನ್ನು ಕಂಡು ಮಕ್ಕಳು ನಗುತ್ತಿದ್ದರು, ಆ ನಗು ಕೇಳಲಿಕ್ಕೆ ನಾನು ನೂರು ಸುಸ್ವಾಗತ ಬರೆದೇನು.

ತಪಾಸಣೆಗೆ ಬಂದ ಸಾಹೇಬರೊಬ್ಬರು ಆ ಚಾರ್ಟಿನ ಮುಂದೆ ನಿಂತರು. ಕೆಳಗೆ ‘ಎರಡೂ ಮರ ಸಮ’ ಎಂದು ಬರೆದಿದ್ದೆ. “ಏನ್ ಮೇಡಂ, ಡ್ರಾಯಿಂಗ್ ಟೀಚರ್ ಆಗಿ ಎರಡು ಗೆರೆ ಸಮನಾಗಿ ಎಳೆಯೋಕೆ ಬರಲ್ವಾ?” ಎಂದರು. ಕಡ್ಡಿ ಕೈಗೆ ಕೊಡಲು ಹೋದೆ. ಮುಟ್ಟಲಿಲ್ಲ. ಸಾಹೇಬರು ಪೊರಕೆ ಕಡ್ಡಿ ಹಿಡಿದು ಬಗ್ಗುವುದೆಂದರೇನು! ‘ಚಾರ್ಟುಗಳಲ್ಲಿ ನಿಖರತೆ ಸಾಲದು’ ಎಂದು ಷರಾ ಬರೆದು ಕಾಫಿ ಕುಡಿದು ಹೋದರು. ಅಳೆಯದೆ ಸಮವಲ್ಲ ಎಂದವರು ಇವರು. ಅಳೆಯದೆ ಸಮ ಎನ್ನುವವರು ಮುಂದೆ ಬಂದರು, ಅವರು ಇವರಿಗಿಂತ ಅಪಾಯ.

ಕಾಲ ಬದಲಾಯಿತು. ಚಾರ್ಟ್ ಪೇಪರು ಹೋಗಿ ಪ್ರೊಜೆಕ್ಟರ್ ಬಂತು, ಸ್ಮಾರ್ಟ್ ಬೋರ್ಡ್ ಬಂತು. ಅದರಲ್ಲಿ ಗೆರೆಗಳು ಕುಣಿಯುತ್ತ ಬಂದು, ಮಗು ಬಾಯಿ ತೆರೆಯುವ ಮುಂಚೆಯೇ ಒಂದು ಹೆಣ್ಣು ದನಿ ‘ಎರಡೂ ಸಮವಾಗಿವೆ’ ಎಂದು ಘೋಷಿಸುತ್ತದೆ. ನೋಡುವ ಗೋಜಿಲ್ಲ, ಹೇಳುವ ಗೋಜಿಲ್ಲ, ಅಳೆಯುವ ಮಾತೇ ಇಲ್ಲ. ಅಳೆದರೂ ಗತಿ ಏನು? ಪರದೆ ತುಂಬಲಿ ಎಂದು ಚಿತ್ರವನ್ನು ಅಡ್ಡಕ್ಕೆ ಎಳೆದಿರುತ್ತಾರೆ. ವೃತ್ತ ಎಂದು ಹೇಳಿ ಕೋಳಿಮೊಟ್ಟೆ ತೋರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೇಷ್ಟ್ರಿಗೂ ತಿಳಿಯಲಿಲ್ಲ, ಮಕ್ಕಳು ಪಾಪ ಮೊಟ್ಟೆಯನ್ನೇ ವೃತ್ತ ಎಂದು ಬರೆದುಕೊಂಡರು.

ಈಗ ಭಾಗ್ಯಳ ವಿಷಯ. ನಾನು ಎರಡನೆಯ ಸಲ ಹಳೇಬೀಡಿಗೆ ಹೋದಾಗ ಅವಳು ಐದನೇ ಕ್ಲಾಸು. ಮಾತು ಕಡಿಮೆ, ಹೇಳಿದ್ದನ್ನು ಮರುಪರೀಕ್ಷೆ ಮಾಡುವ ಚಾಳಿ ಜಾಸ್ತಿ. ಅಪ್ಪ ರಂಗಪ್ಪನಿಗೆ ಹತ್ತಿರದ ಹಳ್ಳಿಯಲ್ಲಿ ರಾಗಿ ಹೊಲ, ಒಂದಷ್ಟು ತೆಂಗು. ಅರಸೀಕೆರೆಯಲ್ಲಿದ್ದ ಅವಳ ಸೋದರಮಾವ ಗಂಡಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಕೈಗೂಸು. ‘ಹುಡುಗೀನ ನಮ್ಮನೆಗೆ ಕಳಿಸಿ, ಮಗು ನೋಡ್ಕೊಂಡು ಇರ್ಲಿ, ಇಲ್ಲೇ ಶಾಲೆಗೂ ಹಾಕ್ತೀವಿ’ ಎಂದು ಅವರು ಕೇಳಿದ್ದರು. ಕೂಸು ಆಡಿಸಲು ಹೋದ ಹುಡುಗಿಯರು ಯಾವ ಶಾಲೆಗೆ ಹೋಗುತ್ತಾರೆಂದು ನಮಗೆಲ್ಲ ಗೊತ್ತು. ರಂಗಪ್ಪ ಒಂದು ತೀರ್ಮಾನ ಮಾಡಿದ್ದ: ವಸತಿ ಶಾಲೆಯ ಪರೀಕ್ಷೆ ಪಾಸಾಗಿ ಸೀಟು ಸಿಕ್ಕರೆ ಓದಲಿ, ಸಿಗದಿದ್ದರೆ ಮಾವನ ಮನೆ. ಅವಳ ಓದು ಆ ಒಂದು ಪರೀಕ್ಷೆಯ ಮೇಲೆ ನಿಂತಿತ್ತು.

ಈ ನಡುವೆ ಬೇಲೂರಿನ ಒಂದು ತರಬೇತಿಯಲ್ಲಿ ನನ್ನ ಬೊಡ್ಡೆಗಳ ಚಾರ್ಟನ್ನು ಯಾರೋ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡಿದ್ದರು. ಅದು ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹಾರಿ ಆ ವರ್ಷದ ಪ್ರಶ್ನೆಪತ್ರಿಕೆ ಮಾಡುವವರ ಕೈ ಸೇರಿತು. ‘ಚಿತ್ರದಲ್ಲಿ ಯಾವ ಗೆರೆ ಉದ್ದ? ನಿಂತದ್ದು, ಮಲಗಿದ್ದು, ಎರಡೂ ಸಮ, ಹೇಳಲಾಗದು.’ ಪ್ರಶ್ನೆ ಚೆನ್ನಾಗಿಯೇ ಇತ್ತು. ಆದರೆ ಅಚ್ಚಿಗೆ ಹಾಕಿದವರು ಪುಟದ ಚೌಕಕ್ಕೆ ತುಂಬಲಿ ಎಂದು ಚಿತ್ರವನ್ನು ಎರಡೂ ಕಿವಿ ಹಿಡಿದು ಅಡ್ಡಕ್ಕೆ ಎಳೆದರು. ನಿಂತ ಮರ ಇದ್ದಷ್ಟೇ ಉಳಿಯಿತು. ಮಲಗಿದ ಮರ ನಿಜವಾಗಿಯೂ ಉದ್ದವಾಯಿತು. ತಮಾಷೆ ಏನೆಂದರೆ, ನಿಂತದ್ದನ್ನು ಉದ್ದ ಮಾಡಿ ತೋರಿಸುವ ಕಣ್ಣಿನ ತಪ್ಪಿಗೂ, ಮಲಗಿದ್ದನ್ನು ಉದ್ದ ಮಾಡಿದ ಅಚ್ಚಿನ ತಪ್ಪಿಗೂ ಸರಿಗೆ ಸರಿ ಹೊಂದಿಬಿಟ್ಟಿತು. ಪುಟ ತೆರೆದು ನೋಡಿದರೆ ಎರಡೂ ಸಮವಾಗಿಯೇ ಕಾಣುತ್ತಿದ್ದವು. ಉತ್ತರಸೂಚಿಯಲ್ಲೂ ‘ಎರಡೂ ಸಮ’. ಕಂಡದ್ದೂ ಸಮ, ಓದಿದ್ದೂ ಸಮ. ಇನ್ನು ಅಳೆಯುವ ಹುಚ್ಚು ಯಾರಿಗಿರುತ್ತದೆ?

ಭಾಗ್ಯಳಿಗಿತ್ತು. ಪೆನ್ಸಿಲನ್ನು ಗೆರೆಯ ಮೇಲಿಟ್ಟು ಉಗುರಿನಿಂದ ಗುರುತು ಮಾಡಿದಳು. ಮೇಲ್ವಿಚಾರಕರು, “ಏನೇ ಅದು, ಪ್ರಶ್ನೆಪತ್ರಿಕೆ ಮೇಲೆ ಪೆನ್ಸಿಲ್ ಆಡಿಸ್ತಿದೀಯ? ನೋಡಿ ಬರಿಯೇ,” ಎಂದು ಗದರಿದರಂತೆ. ಅವಳು ಅಳೆದು, ‘ಮಲಗಿದ್ದು’ ಎಂದು ಗುರುತು ಹಾಕಿ ಬಂದಳು.

ಫಲಿತಾಂಶ ಬಂದಾಗ ಒಂದು ಅಂಕಕ್ಕೆ ಸೀಟು ತಪ್ಪಿತ್ತು. ಪತ್ರಿಕೆ ತರಿಸಿ ಒಂದೊಂದೇ ಉತ್ತರ ನೋಡುತ್ತ ಬಂದೆ. ನನ್ನ ಮರದ ಚಿತ್ರದ ಹತ್ತಿರ ಬಂದಾಗ ನಾನೂ ಮೊದಲು, ಅಯ್ಯೋ ಪೆದ್ದಿ, ನೂರು ಸಲ ಹೇಳಿದ್ದೆನಲ್ಲ ಎಂದುಕೊಂಡೆ. ಕಡ್ಡಿ ಇಟ್ಟೆ. ಮಲಗಿದ ಮರ ಬೆರಳ ಅಗಲ ಹೆಚ್ಚಿತ್ತು.

ರಂಗಪ್ಪನನ್ನು ಕರೆದುಕೊಂಡು ಪರೀಕ್ಷೆ ನಡೆಸಿದ ಕಚೇರಿಗೆ ಹೋದೆ. ಯಾವ ಊರು, ಯಾವ ಕಚೇರಿ ಎಂದು ಬರೆಯುವುದಿಲ್ಲ, ಎಲ್ಲ ಕಚೇರಿಯಲ್ಲೂ ಆ ಕುರ್ಚಿ ಇದೆ, ಕುರ್ಚಿಯಲ್ಲಿ ಅದೇ ಮನುಷ್ಯರು ಇದ್ದಾರೆ. ರಂಗಪ್ಪ ಬಾಗಿಲ ಹತ್ತಿರ ಟವೆಲ್ಲು ಕೈಯಲ್ಲಿ ಹಿಡಿದು ನಿಂತ. ಸಾಹೇಬರು ಪ್ರಶ್ನೆಪತ್ರಿಕೆ ನೋಡಿ ನಕ್ಕರು.

“ಮೇಡಂ, ಇದು ದೃಷ್ಟಿಭ್ರಮೆ. ಉದ್ದ ಕಾಣುತ್ತೆ, ಆದರೆ ಸಮ. ನೀವೇ ಡ್ರಾಯಿಂಗ್ ಟೀಚರು, ನಿಮಗೆ ಗೊತ್ತಿರಬೇಕಲ್ವಾ?”

“ಗೊತ್ತು ಸಾರ್, ಈ ಚಿತ್ರ ಬರೆದವಳೇ ನಾನು. ಇಲ್ಲಿ ಸಮ ಕಾಣ್ತಿದೆ, ಆದರೆ ಸಮ ಇಲ್ಲ. ಅಳೆದು ನೋಡಿ.”

ಅವರು ಡ್ರಾಯರಿನಿಂದ ಸ್ಕೇಲು ತೆಗೆದರು. ಇಷ್ಟಾದರೂ ಮಾಡಿದರಲ್ಲ ಎಂದು ನನಗೆ ಆಸೆ ಹುಟ್ಟಿತು. ಇಟ್ಟು ನೋಡಿದರು. ಮತ್ತೆ ಇಟ್ಟು ನೋಡಿದರು. ಸ್ಕೇಲನ್ನು ತಿರುಗಿಸಿ ಅದರ ಬೆನ್ನು ನೋಡಿದರು.

“ಹೂಂ. ಉದ್ದ ಬರ್ತಾ ಇದೆ. ಅದೇ ಭ್ರಮೆ ಮೇಡಂ.”

ಬಾಗಿಲ ಹತ್ತಿರದಿಂದ ರಂಗಪ್ಪ, “ಸ್ವಾಮಿ, ನಮ್ ಕಣ್ಣಿಗೆ ಭ್ರಮೆ ಐತೆ, ಒಪ್ಕೋತೀನಿ. ಸ್ಕೇಲಿಗೂ ಐತಾ?” ಎಂದ.

ಸಾಹೇಬರಿಗೆ ಸಿಟ್ಟು ಬಂತು. ಉತ್ತರಸೂಚಿ ಮಾಡಿದ ತಜ್ಞರಿಗೆ ಫೋನು ಮಾಡಿದರು. ತಜ್ಞರು ಆ ಕಡೆಯಿಂದ, ಪತ್ರಿಕೆ ನೋಡದೆಯೇ, ಅದು ಪ್ರಪಂಚಕ್ಕೆಲ್ಲ ಗೊತ್ತಿರೋ ಚಿತ್ರ ರೀ, ಎಲ್ಲಿ ಬರೆದರೂ ಸಮವೇ ಎಂದು ಅಪ್ಪಣೆ ಕೊಡಿಸಿದರು. ನೋಡಿ, ಇದೇ ಓದಿದವರ ಭ್ರಮೆ. ಏನೂ ತಿಳಿಯದವನು ಒಮ್ಮೆಯಾದರೂ ಕಣ್ಣುಬಿಟ್ಟು ನೋಡುತ್ತಾನೆ. ಇದು ನನಗೆ ಗೊತ್ತು ಎನ್ನುವವನು ನೋಡುವುದೇ ಇಲ್ಲ, ನೆನಪಿಸಿಕೊಳ್ಳುತ್ತಾನೆ. ಅವನಿಗೆ ಯಾವ ಚಾರ್ಟು ಬರೆಯಬೇಕೋ ನನಗೆ ಇವತ್ತಿಗೂ ಹೊಳೆದಿಲ್ಲ.

ನಾನು ಬಿಡಲಿಲ್ಲ. ಹೋದೆ, ಬಂದೆ, ಮೇಲಿನವರಿಗೆ ಹೇಳಿದೆ, ಅವರ ಮೇಲಿನವರಿಗೂ ಹೇಳಿದೆ. ಕೊನೆಗೆ ಅಚ್ಚಿನಲ್ಲಿ ದೋಷವಾಗಿದೆ ಎಂದು ಒಪ್ಪಿಕೊಂಡು ನ್ಯಾಯ ಮಾಡಿದರು. ಏನು ನ್ಯಾಯ ಗೊತ್ತೇ? ಯಾರಿಗೂ ಅನ್ಯಾಯ ಆಗಬಾರದೆಂದು ಪರೀಕ್ಷೆ ಬರೆದ ಎಲ್ಲರಿಗೂ ಒಂದೊಂದು ಅಂಕ ಕೊಟ್ಟರು. ಸಮ ಎಂದು ಬರೆದು ಆಗಲೇ ಅಂಕ ಪಡೆದವರಿಗೂ ಒಂದು. ಅಳೆದು ಸರಿಯಾಗಿ ಬರೆದವಳಿಗೂ ಒಂದು. ಸೀಟಿನ ಗೆರೆಯೂ ಒಂದು ಅಂಕ ಮೇಲಕ್ಕೆ ಹೋಯಿತು. ಭಾಗ್ಯ ಎಲ್ಲಿದ್ದಳೋ ಅಲ್ಲೇ ನಿಂತಳು. ಎಲ್ಲರಿಗೂ ಸಮ ಮಾಡಿದ್ದೇವಲ್ಲ ಮೇಡಂ, ಇನ್ನೇನು ಬೇಕು ಎಂದು ಕೇಳಿದರು. ಇಂಥ ಸಮವನ್ನು ಬರೆದು ತೋರಿಸುವ ಶಕ್ತಿ ನನ್ನ ಪೆನ್ಸಿಲಿಗಿಲ್ಲ.

ಮರುವರ್ಷದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದೇ ಪ್ರಶ್ನೆ ಮತ್ತೆ ಬಂತು. ಈ ಸಲ ಎಚ್ಚರದಿಂದ ಸಮನಾಗಿ ಅಚ್ಚು ಹಾಕಿದ್ದರು. ಆದರೆ ಹೋದ ವರ್ಷ ಗಲಾಟೆಯಾಯಿತಲ್ಲ ಎಂದು ಉತ್ತರಸೂಚಿಯಲ್ಲಿ ‘ಮಲಗಿದ್ದು ಉದ್ದ’ ಎಂದು ತಿದ್ದಿಕೊಂಡಿದ್ದರು. ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ಸುಮ್ಮನೆ ಮಜ್ಜಿಗೆ ಕುಡಿದು ಮಲಗಿದೆ.

ನ್ಯಾಯದ ಸುದ್ದಿ ತಿಳಿದ ದಿನ, ಮರಳುವ ದಾರಿಯಲ್ಲಿ, ಬೇಲೂರು ಬಸ್ ನಿಲ್ದಾಣದಲ್ಲಿ ರಂಗಪ್ಪನೂ ನಾನೂ ಹಳೇಬೀಡಿನ ಬಸ್ಸಿಗೆ ಕಾಯುತ್ತಿದ್ದೆವು. ನನಗೆ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಮಾವನ ಮನೆಯವರು ಯಾವಾಗ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಕೇಳಲು ಬಾಯಿ ಬರಲಿಲ್ಲ.

ಅವನೇ ಹೇಳಿದ. “ಮೇಡಮ್ಮೋರೆ, ನಾನು ಏನ್ ಅನ್ಕೊಂಡಿದ್ದೆ ಅಂದ್ರೆ, ಸೀಟ್ ಸಿಗ್ಲಿಲ್ಲ ಅಂದ್ರೆ ಮಗೀಗೆ ಓದು ತಲೆಗೆ ಹತ್ತಲ್ಲ ಅಂತ. ಅದಕ್ಕೇ ಮಾವನ ಮನೆ ಅಂದಿದ್ದು. ಈಗ ನೋಡಿದ್ರೆ ತಲೆಗೆ ಹತ್ತದೆ ಇರೋದು ಅವರಿಗೆ.” ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. “ಇಲ್ಲೇ ಆರನೇ ಕ್ಲಾಸು ಓದ್ಲಿ. ನನ್ ಬಾಮೈದಂಗೆ ನಾನು ಹೇಳ್ಕೋತೀನಿ, ಕೂಸು ನೋಡ್ಕೊಳ್ಳಾಕೆ ಬ್ಯಾರೆ ಯಾರನ್ನಾರ ಹುಡಿಕ್ಕೊಳ್ಳಿ.”

ನಾನು ಆಗಲಿ ಎಂದೆ. ಇನ್ನೂ ಏನಾದರೂ ಹೇಳಿದ್ದರೆ ಬಸ್ ನಿಲ್ದಾಣದಲ್ಲಿ ಅತ್ತುಬಿಡುತ್ತಿದ್ದೆ.

ಆದರೂ ನನಗೆ ಒಂದು ಭಯ ಉಳಿದಿತ್ತು. ಶಾಲೆ ಉಳಿಯಿತು, ಹುಡುಗಿ ಉಳಿದಳೇ? ಅಳೆದವಳಿಗೆ ಸೀಟು ಹೋಯಿತು, ಅಳೆಯದವರಿಗೆ ಸಿಕ್ಕಿತು. ಹತ್ತು ಹನ್ನೊಂದು ವರ್ಷದ ಮಗು ಇದರಿಂದ ಕಲಿಯುವ ಪಾಠ ಯಾವುದು? ದೊಡ್ಡವರು ಏನು ಬಯಸುತ್ತಾರೋ ಅದನ್ನು ಬರೆದು ಬದುಕಿಕೋ ಎಂಬುದಲ್ಲವೇ? ಅದನ್ನು ಕಲಿತರೆ ತಪ್ಪು ಎಂದು ಯಾವ ಬಾಯಿಂದ ಹೇಳಲಿ?

ಜೂನ್‌ನಲ್ಲಿ ಶಾಲೆ ಶುರುವಾಯಿತು. ಆರನೇ ಕ್ಲಾಸಿಗೆ ಹೋಗಿ ಕರಿಹಲಗೆಯ ಮೇಲೆ ನಿಂತ ಮರ, ಮಲಗಿದ ಮರ ಬರೆದೆ. ಯಾವುದು ಉದ್ದ ಎಂದು ಕೇಳಿದೆ. ಭಾಗ್ಯಳ ಕಥೆ ಊರಿಗೇ ಗೊತ್ತಿತ್ತು, ಮನೆಮನೆಯಲ್ಲೂ ಮಕ್ಕಳಿಗೆ ಬುದ್ಧಿ ಹೇಳಿದ್ದರು. ಇಡೀ ಕ್ಲಾಸು ಒಂದೇ ಕಂಠದಲ್ಲಿ, “ಎರಡೂ ಸಮ ಮಿಸ್,” ಎಂದು ಕೂಗಿತು. ಒಬ್ಬರೂ ಹಲಗೆಯ ಕಡೆ ಸರಿಯಾಗಿ ನೋಡಿರಲಿಲ್ಲ. ಆ ದಿನ ನಾನು ಬರೆದದ್ದು ಸಮವಿತ್ತೋ ಇಲ್ಲವೋ ಎಂದು ನಿಮಗೂ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ.

ಭಾಗ್ಯ ಮಾತ್ರ ಬಾಯಿ ಬಿಡಲಿಲ್ಲ. ಕಿಟಕಿಯ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಮುಗಿಯಿತು, ಇವಳನ್ನೂ ಮುಗಿಸಿದರು ಎಂದುಕೊಂಡೆ. ನಿನಗೆ ಹೇಗೆ ಕಾಣುತ್ತದಮ್ಮ ಎಂದು ಕೇಳಿದೆ. ಅವಳು ಎದ್ದು ನಿಂತಳು. ಹಿಂದಿನ ಬೆಂಚಿನಿಂದ ಯಾರೋ, “ಅಳೆದೇ ಸೀಟ್ ಹೋಯ್ತಲ್ಲೇ, ಕೂತ್ಕೊಳೇ,” ಎಂದರು. ಕ್ಲಾಸು ನಕ್ಕಿತು.

ಅವಳು ಹಿಂದೆ ತಿರುಗಲಿಲ್ಲ. ಬೆಂಚು ದಾಟಿ ನನ್ನ ಮೇಜಿನ ತನಕ ಬಂದು ಕೈ ಚಾಚಿದಳು.

“ಮಿಸ್, ಕಡ್ಡಿ ಕೊಡಿ.”

ಕೊಟ್ಟೆ.